ಸಂದರ್ಶನ ರೆಕಾರ್ಡ್ ಮಾಡಿದಾಗ ದನಿ ಕೆಲವೆಡೆ ಒಡೆಯುತ್ತದೆ, ಕೆಲವೆಡೆ ಹಿನ್ನೆಲೆಯ ಗುಂಯ್ ಸದ್ದೇ ಮುಂದೆ ಬರುತ್ತದೆ. ರೆಕಾರ್ಡರ್‌ನಲ್ಲಿ ಏನು ಸರಿಪಡಿಸಬೇಕು?

ಮೊದಲು ಆಟೋ ಲೆವೆಲ್ (ದನಿಯ ಮಟ್ಟವನ್ನು ತಾನೇ ಹೊಂದಿಸುವ ಸೆಟ್ಟಿಂಗ್) ಆಫ್ ಮಾಡಿ. ಮಾತು ನಿಂತ ಕೂಡಲೇ ಅದು ಗೇನ್ (ಮೈಕ್ ಹಿಡಿದ ಸದ್ದನ್ನು ಹಿಗ್ಗಿಸುವ ಪ್ರಮಾಣ) ಏರಿಸುತ್ತದೆ, ಫ್ಯಾನಿನ ಸದ್ದು ಮೇಲೆದ್ದು ಬರುವುದು ಆಗಲೇ. ಎದುರಿಗಿರುವವರು ಸಹಜವಾಗಿ ಮಾತಾಡುವಾಗ ಮೀಟರ್ ಮೈನಸ್ 18ರಿಂದ ಮೈನಸ್ 12 ಡೆಸಿಬಲ್ ನಡುವೆ ಆಡುವಂತೆ ಗೇನ್ ಇಡಿ. ಜೋರಾಗಿ ನಕ್ಕರೂ ಮೈನಸ್ 6 ದಾಟಬಾರದು. ಗರಿಷ್ಠ ಮಿತಿಯಾದ ಸೊನ್ನೆ ಮುಟ್ಟಿದರೆ ಅಲೆಯ ತುದಿಯೇ ಕತ್ತರಿಸಿಹೋಗುತ್ತದೆ. ಆ ಒಡಕನ್ನು ಆಮೇಲೆ ಪೂರ್ತಿ ಸರಿಮಾಡಲಾಗದು. ತುಸು ಕಡಿಮೆ ಲೆವೆಲ್ ಆದರೆ ಚಿಂತೆಯಿಲ್ಲ, 24 ಬಿಟ್‌ನಲ್ಲಿ (ಸದ್ದನ್ನು ಹೆಚ್ಚು ಸೂಕ್ಷ್ಮವಾಗಿ ದಾಖಲಿಸುವ ಸೆಟ್ಟಿಂಗ್) ರೆಕಾರ್ಡ್ ಮಾಡಿದ್ದರೆ ಆಮೇಲೆ ಮೇಲೆತ್ತಿಕೊಳ್ಳಬಹುದು.

ಗೇನ್‌ಗಿಂತ ದೂರವೇ ಮುಖ್ಯ. ಮೈಕ್ ಬಾಯಿಯಿಂದ ಸುಮಾರು ಒಂದು ಗೇಣು ದೂರದಲ್ಲಿ, ಸ್ವಲ್ಪ ಪಕ್ಕಕ್ಕಿರಲಿ. ನೇರ ಎದುರಿಗಿದ್ದರೆ 'ಪ', 'ಬ' ಅಕ್ಷರಗಳು ಢಬ್ ಎನ್ನುತ್ತವೆ. ದೂರ ಎರಡು ಪಟ್ಟಾದರೆ ನೇರ ದನಿ 6 ಡೆಸಿಬಲ್ ಇಳಿಯುತ್ತದೆ, ಕೋಣೆಯ ಮಾರ್ದನಿ ಹೆಚ್ಚುಕಡಿಮೆ ಹಾಗೇ ಉಳಿಯುತ್ತದೆ.

ರೆಕಾರ್ಡರನ್ನು ಬರಿ ಮೇಜಿನ ಮೇಲಿಡಬೇಡಿ, ಬೆರಳು ತಟ್ಟಿದ್ದೂ ಗುಡುಗಿನಂತೆ ಕೇಳುತ್ತದೆ. ಮಡಿಸಿದ ಟವಲ್ ಸಾಕು. ಲೋ ಕಟ್ (ತೀರಾ ತಗ್ಗಿನ ಸದ್ದನ್ನು ಕಡಿಮೆ ಮಾಡುವ ಫಿಲ್ಟರ್) 80 ಹರ್ಟ್ಜ್‌ಗೆ ಇಡಿ.

ಹೊಸದು ಕೊಳ್ಳುವುದಾದರೆ ಹೆಡ್‌ಫೋನ್ ಜಾಕ್, ಕೈಯಿಂದ ತಿರುಗಿಸುವ ಗೇನ್, ವೇವ್ (WAV, ಸದ್ದನ್ನು ಕುಗ್ಗಿಸದೆ ಉಳಿಸುವ) ಫಾರ್ಮ್ಯಾಟ್, ಬದಲಿಸಬಹುದಾದ ಬ್ಯಾಟರಿ ಇದೆಯೇ ನೋಡಿ. 48 ಕಿಲೋಹರ್ಟ್ಜ್, 24 ಬಿಟ್ ಸ್ಟೀರಿಯೋ ವೇವ್ ರೆಕಾರ್ಡಿಂಗ್ ಗಂಟೆಗೆ ಸುಮಾರು 1 ಜಿಬಿ ಜಾಗ ತಿನ್ನುತ್ತದೆ. ನಿಲ್ಲಿಸುವಾಗ ಸ್ಟಾಪ್ ಒತ್ತಿ, ಫೈಲ್ ಉಳಿಯುವವರೆಗೆ ಕಾಯಿರಿ. ನಡುವೆ ಬ್ಯಾಟರಿ ತೆಗೆದರೆ ಫೈಲಿನ ಹೆಡರ್ (ಅದರ ವಿವರವಿರುವ ಮೊದಲ ಭಾಗ) ಅರ್ಧಕ್ಕೇ ನಿಂತು ಅದು ತೆರೆಯದೇ ಹೋಗಬಹುದು.