ಮುತ್ತ್ಯಾ ಹೋಗಿದ್ದು ಬರ್ಮಾಕ್ಕಲ್ಲ

ಜಮಖಂಡಿ ತಾಲೂಕಿನಿಂದ ಬರೆದ ನಿಮಗೆ ನಮಸ್ಕಾರ.

ನಿಮ್ಮ ಪತ್ರ ಮತ್ತು ಆರು ಫೋಟೋ ಮೂರು ದಿನದಿಂದ ನನ್ನ ಮೇಜಿನ ಮೇಲೇ ಇವೆ. ಉಳಿದ ಓದುಗರಿಗೂ ತಿಳಿಯಲೆಂದು ವಿಷಯ ಹೇಳಿಬಿಡುತ್ತೇನೆ. ಹಳೇ ಮನೆ ಕೆಡವುವಾಗ ಅಟ್ಟದ ಮೇಲೆ ನಿಮ್ಮ ಮುತ್ತ್ಯಾನ ಟ್ರಂಕು ಸಿಕ್ಕಿದೆ. ಒಳಗೆ ಖಾಕಿ ಅಂಗಿಯ ಒಂದು ತೋಳು, ಮುರಿದ ಹಿತ್ತಾಳೆ ಅಕ್ಷರ, ಬಟ್ಟೆಯ ಒಂದು ಬಿಲ್ಲೆ, ಮೂರು ಪದಕ. ಕಾಗದಪತ್ರವನ್ನೆಲ್ಲ ಗೆದ್ದಲು ತಿಂದಿದೆ. ಮುತ್ತ್ಯಾ ದಂಡಿಗೆ ಹೋಗಿದ್ದರು, ಬರ್ಮಾದಲ್ಲಿ ಕಾದಾಡಿದರು, ಸುಬೇದಾರರಾಗಿ ಬಂದರು ಅಂತ ಮನೆಯಲ್ಲಿ ಮಾತು. ಊರಲ್ಲಿ ಇವತ್ತಿಗೂ ನಿಮ್ಮದು 'ಸುಬೇದಾರರ ಮನಿ'. "ಈ ಬಿಲ್ಲೆ ನೋಡಿ ಮುತ್ತ್ಯಾ ಯಾವ ಪಲ್ಟಣದಾಗ ಇದ್ದ, ಎಲ್ಲೆಲ್ಲಿ ಹೋಗಿದ್ದ ಅಂತ ಹೇಳಲಿಕ್ಕೆ ಆಗತೈತೇನ್ರಿ?" ಎಂದು ಕೇಳಿದ್ದೀರಿ.

ಆಗುತ್ತದೆ. ಆದರೆ ಮನೆಯ ಮಾತಿನಲ್ಲಿ ಎರಡು ಸಂಗತಿ ಬದಲಾಗಬಹುದು. ಅದಕ್ಕೆ ಮನಸ್ಸು ಗಟ್ಟಿ ಮಾಡಿಕೊಂಡು ಓದಿ.

ಮೊದಲು ಹಿತ್ತಾಳೆ ಅಕ್ಷರ ನೋಡೋಣ. ಇದನ್ನು ಅಂಗಿಯ ಭುಜದ ಪಟ್ಟಿಗೆ ಹಾಕುತ್ತಿದ್ದರು. ಪಲ್ಟಣದ ಹೆಸರು ಇಂಗ್ಲಿಷಿನಲ್ಲಿ ಕಮಾನಿನ ಹಾಗೆ ಬಾಗಿರುತ್ತದೆ. ನಿಮ್ಮದರಲ್ಲಿ ಉಳಿದಿರುವುದು ಎಂ, ಎ, ಎಚ್ ಮೂರೇ. 'ಮಹಾರಾಷ್ಟ್ರ ಇರಬೇಕು' ಅಂತ ನಿಮ್ಮ ಕಾಕಾ ಹೇಳಿದ್ದಾರೆ. ಆ ಹೆಸರಿನ ರೆಜಿಮೆಂಟ್ ಆಗ ಇರಲಿಲ್ಲ. ಈ ಮೂರು ಅಕ್ಷರದಿಂದ ಶುರುವಾಗುವವು ಎರಡು, ಎರಡಕ್ಕೂ ನಮ್ಮ ಬೆಳಗಾವಿಯ ನಂಟು. ಒಂದು ಮರಾಠಾ ಲೈಟ್ ಇನ್‌ಫಂಟ್ರಿ. 1922ರಿಂದ ಅದರ ಜವಾನರು ತರಬೇತಿ ಪಡೆಯುವುದು ಇದೇ ಊರಲ್ಲಿ. ಇನ್ನೊಂದು ಮಹಾರ್ ರೆಜಿಮೆಂಟ್. ಅದರ ಮೊದಲ ಬೆಟಾಲಿಯನ್, ಅಂದರೆ ರೆಜಿಮೆಂಟಿನೊಳಗಿನ ಮೊದಲ ದೊಡ್ಡ ದಳ, ಕಟ್ಟಿದ್ದು 1941ರ ಅಕ್ಟೋಬರಿನಲ್ಲಿ, ಬೆಳಗಾವಿಯಲ್ಲೇ.

ಈಗ ಮರಾಠಾ ಅಂತ ಇಂಗ್ಲಿಷಿನಲ್ಲಿ ಬರೆದರೆ ಮೂರನೇ ಅಕ್ಷರ 'ಆರ್'. ಬ್ರಿಟಿಷರ ಕಾಲದಲ್ಲಿ 'ಆರ್'ಗಿಂತ ಮೊದಲು ಒಂದು 'ಎಚ್' ಸೇರಿಸುತ್ತಿದ್ದರು. ಹಾಗಾಗಿ ನಾಲ್ಕನೇ ಅಕ್ಷರ 'ಎ' ಆಗಿದ್ದರೆ ಮಹಾರ್, 'ಆರ್' ಆಗಿದ್ದರೆ ಮರಾಠಾ. ಫೋಟೋ ದೊಡ್ಡದು ಮಾಡಿ ನೋಡಿದೆ. ಮುರಿದ ಜಾಗದಲ್ಲಿ ಜೋಳದ ಕಾಳಿನಷ್ಟು ಹಿತ್ತಾಳೆ ಉಳಿದಿದೆ. ಅದು ಓರೆಯಾಗಿಲ್ಲ, ನೆಟ್ಟಗೆ ನಿಂತಿದೆ. 'ಎ' ಅಕ್ಷರದ ಕಾಲು ಓರೆ, 'ಆರ್'ದು ನೆಟ್ಟಗೆ. ಆಗ ಯಾರು ಯಾವ ಪಲ್ಟಣಕ್ಕೆ ಅನ್ನುವುದಕ್ಕೆ ಜಾತಿಯನ್ನೂ ನೋಡುತ್ತಿದ್ದರು. ನೀವು ಅದನ್ನು ಬರೆದಿಲ್ಲ, ಬಿಲ್ಲೆ ಓದಲು ನನಗೆ ಅದು ಬೇಕಾಗಲೂ ಇಲ್ಲ. ಆದರೆ ಕಾಳಿನಷ್ಟು ಹಿತ್ತಾಳೆಯನ್ನೇ ನಂಬಿ ತೀರ್ಪು ಕೊಡುವುದೂ ಸರಿಯಲ್ಲ.

ಅದಕ್ಕೇ ಬಟ್ಟೆಯ ಬಿಲ್ಲೆ ನನಗೆ ಎಲ್ಲಕ್ಕಿಂತ ಜಾಸ್ತಿ ಹಿಡಿಸಿತು. 'ಹಳದಿ ಹೂವಿನ ಕಸೂತಿ, ಅಜ್ಜಿ ಹಾಕಿದ್ದಿರಬೇಕು' ಎಂದು ನೀವು ಬರೆದಿದ್ದೀರಿ. ಅದು ಹೂವಲ್ಲ, ಎಲೆ. ಕ್ಲೋವರ್ ಎಂಬ ಗಿಡದ ಎಲೆ. ಬೇರೆ ಬೇರೆ ರೆಜಿಮೆಂಟುಗಳ ಬೆಟಾಲಿಯನ್‌ಗಳನ್ನು ಸೇರಿಸಿ ಕಟ್ಟಿದ ದೊಡ್ಡ ಪಡೆಗೆ ಡಿವಿಜನ್ ಅನ್ನುತ್ತಾರೆ. ಎರಡನೇ ಮಹಾಯುದ್ಧದಲ್ಲಿ ಒಂದೊಂದು ಡಿವಿಜನ್‌ಗೂ ತೋಳಿನ ಮೇಲೆ ಒಂದೊಂದು ಗುರುತು ಇತ್ತು. ನಾಲ್ಕನೇ ಭಾರತೀಯ ಡಿವಿಜನ್‌ಗೆ ಕೆಂಪು ಹದ್ದು, ಐದನೆಯದಕ್ಕೆ ಕೆಂಪು ಚೆಂಡು, ಬರ್ಮಾ ಕಡೆ ಕಾದಿದ ಹದಿನೇಳನೆಯದಕ್ಕೆ ಕಪ್ಪು ಬೆಕ್ಕು, ಇಪ್ಪತ್ತಮೂರನೆಯದಕ್ಕೆ ಕಾಳಗದ ಹುಂಜ. ಓದು ಬರಹ ಬಾರದ ಜವಾನನಿಗೂ ತನ್ನವರು ಯಾರೆಂದು ದೂರದಿಂದಲೇ ಗೊತ್ತಾಗುತ್ತಿತ್ತು. ಹಳದಿ ಕ್ಲೋವರ್ ಎಂಟನೇ ಭಾರತೀಯ ಡಿವಿಜನ್ನಿನದು. ಅದು ಕಾದಿದ್ದು ಇಟಲಿಯಲ್ಲಿ.

ಪದಕವೂ ಅದನ್ನೇ ಹೇಳುತ್ತದೆ. ಆರು ಮೂಲೆಯ ಎರಡು ನಕ್ಷತ್ರಗಳಿವೆಯಲ್ಲ, ಅವುಗಳ ಮೇಲೆ ಹೆಸರು ಬರೆದೇ ಇರುತ್ತದೆ. ಪ್ರತಿ ಖಂಡೇನವಮಿಗೆ ಅಜ್ಜಿ ಹುಣಸೆಹಣ್ಣು ಹಚ್ಚಿ ತಿಕ್ಕಿ ತಿಕ್ಕಿ ಅಕ್ಷರ ಸವೆದಿವೆ. ಪುಣ್ಯಕ್ಕೆ ರಿಬ್ಬನ್ನಿನ ಚೂರು ಉಳಿದಿದೆ. ಒಂದರದು ಕಡುನೀಲಿ, ಕೆಂಪು, ತಿಳಿನೀಲಿ. ಅದು 1939–45ರ ಸ್ಟಾರ್. ಇನ್ನೊಂದರದು ಕೆಂಪು, ಬಿಳಿ, ನಡುವೆ ಹಸಿರು, ಮತ್ತೆ ಬಿಳಿ, ಮತ್ತೆ ಕೆಂಪು. ಇಟಲಿಯ ಬಾವುಟದ ಬಣ್ಣಗಳು. ಅದು ಇಟಲಿ ಸ್ಟಾರ್. ಬರ್ಮಾ ಸ್ಟಾರ್‌ನ ರಿಬ್ಬನ್ನಿನಲ್ಲಿ ನಡುವೆ ಅಗಲವಾದ ಕೆಂಪು, ಎರಡೂ ಕಡೆ ನೀಲಿಯೊಳಗೆ ಕಿತ್ತಳೆ ಗೆರೆ ಇರುತ್ತದೆ. ನಿಮ್ಮ ಟ್ರಂಕಿನಲ್ಲಿ ಅದಿಲ್ಲ. ಇನ್ನು ಮಹಾರ್ ರೆಜಿಮೆಂಟ್ ಆ ಯುದ್ಧದಲ್ಲಿ ಇಟಲಿಗೆ ಹೋಗಿರಲಿಲ್ಲ. ಮರಾಠಾದ ಮೊದಲ ಬೆಟಾಲಿಯನ್ ಎಂಟನೇ ಡಿವಿಜನ್ನಿನಲ್ಲೇ ಇತ್ತು. ಈಗ ಆ ನೆಟ್ಟಗಿನ ಕಾಳನ್ನು ಧೈರ್ಯವಾಗಿ 'ಆರ್' ಅನ್ನಬಹುದು.

ಮನೆಯವರು ಸುಳ್ಳು ಹೇಳಿದರು ಅಂತ ಅಂದುಕೊಳ್ಳಬೇಡಿ. ಮರಾಠಾ ಪಲ್ಟಣಗಳು ಬರ್ಮಾ ಕಡೆಯೂ ಕಾದಿವೆ. ನಾಲ್ಕನೇ ಬೆಟಾಲಿಯನ್ 1944ರ ಮಾರ್ಚಿನಲ್ಲಿ ಮಣಿಪುರದ ಸಾಂಗ್‌ಶಕ್‌ನಲ್ಲಿತ್ತು. ನಮಗೆ ಬರುವ ಇಂಥ ಪತ್ರಗಳಲ್ಲೂ 'ಬರ್ಮಾ' ಅಂತಲೇ ಜಾಸ್ತಿ ಇರುತ್ತದೆ. ಮೇಲಾಗಿ, ಸತ್ಯದ ತುಣುಕು ನಿಮ್ಮ ಮನೆಯಲ್ಲೇ ಇದೆ, ನೀವೇ ಬರೆದಿದ್ದೀರಿ. ಪತ್ರದ ಕೊನೆಗೆ ಒಂದೇ ಸಾಲು: "ಹಿಮದಾಗ ಬೆರಳು ಸೆಟೆದು ಬೂಟಿನ ಲಾಡಿ ಬಿಚ್ಚಲಿಕ್ಕೆ ಬರತಿರಲಿಲ್ಲ ಅಂತ ಮುತ್ತ್ಯಾ ಹೇಳತಿದ್ದರು ಅಂತ ಅತ್ತಿ ಅಂತಾಳ." ಆ ಸಾಲಿನ ಹತ್ತಿರ ನಾನು ಬಹಳ ಹೊತ್ತು ನಿಂತೆ. ಎಂಟನೇ ಡಿವಿಜನ್ 1943ರ ಸೆಪ್ಟೆಂಬರಿನಲ್ಲಿ ಟರಾಂಟೊ ಬಂದರಿನಲ್ಲಿ ಇಳಿಯಿತು. ನವೆಂಬರಿನಲ್ಲಿ ಸಾಂಗ್ರೊ ಹೊಳೆ ದಾಟಿತು. ಮರುವರ್ಷ ಮೇ ತಿಂಗಳಲ್ಲಿ ಕ್ಯಾಸಿನೊ ಎಂಬ ಊರಿನ ಹತ್ತಿರದ ಕಾಳಗ. ಅದಾದ ಮೇಲಿನ ಚಳಿಗಾಲವನ್ನು ಅಪೆನೈನ್ ಬೆಟ್ಟಗಳಲ್ಲಿ ಹಿಮದ ನಡುವೆ ಕಳೆಯಿತು. ಜಮಖಂಡಿಯ ಬಿಸಿಲಲ್ಲಿ ಬೆಳೆದ ಹುಡುಗ ಅಲ್ಲಿ ಬೂಟು ಬಿಚ್ಚಲಾಗದೆ ಕೂತಿದ್ದ.

ಇನ್ನು ಸುಬೇದಾರಿಕೆ. ಅಂಗಿಯ ತೋಳಿನ ಮೇಲಿರುವುದು ಇಂಗ್ಲಿಷಿನ 'ವಿ' ಆಕಾರದ ಎರಡು ಪಟ್ಟಿ. ಒಂದಾದರೆ ಲ್ಯಾನ್ಸ್ ನಾಯಕ್, ಎರಡಾದರೆ ನಾಯಕ್, ಮೂರಾದರೆ ಹವಾಲ್ದಾರ್. ಸುಬೇದಾರರ ಗುರುತು ಭುಜದ ಮೇಲೆ ಇರುತ್ತದೆ, ತೋಳಿನ ಮೇಲಲ್ಲ. ಆ ಅಂಗಿ ತೊಟ್ಟಾಗ ಮುತ್ತ್ಯಾ ನಾಯಕ್ ಆಗಿದ್ದರು. ಆಮೇಲೆ ಬಡ್ತಿ ಸಿಕ್ಕಿತೋ ಇಲ್ಲವೋ ದಾಖಲೆಯೇ ಹೇಳಬೇಕು. ನಾಯಕ್ ಎಂದರೆ ಹತ್ತು ಜನರ ಆಸುಪಾಸಿನ ತುಕಡಿಯ ಮುಂದಾಳು. ಗುಂಡು ಹಾರುವಾಗ ಎಲ್ಲರಿಗಿಂತ ಮುಂದೆ ಹೋಗುವವನು. 1944ರ ಜುಲೈ 10ರಂದು ಟೈಬರ್ ಕಣಿವೆಯಲ್ಲಿ ಮರಾಠಾ ಮೂರನೇ ಬೆಟಾಲಿಯನ್ನಿನ ಯಶವಂತ ಘಾಡ್ಗೆ ತನ್ನ ತುಕಡಿಯವರೆಲ್ಲ ಬಿದ್ದ ಮೇಲೂ ಒಬ್ಬನೇ ಮಷಿನ್ ಗನ್ ಮೇಲೆ ನುಗ್ಗಿ ಅದನ್ನು ಹಿಡಿದು, ಅಲ್ಲೇ ಪ್ರಾಣ ಬಿಟ್ಟರು. ಬ್ರಿಟಿಷರ ಅತಿ ದೊಡ್ಡ ಶೌರ್ಯ ಪದಕವಾದ ವಿಕ್ಟೋರಿಯಾ ಕ್ರಾಸ್ ಸಿಕ್ಕಿದ್ದು ಅವರು ಹೋದ ಮೇಲೆ. ಅವರ ತೋಳಿನ ಮೇಲೂ ಇದ್ದದ್ದು ಎರಡೇ ಪಟ್ಟಿ. 'ಸುಬೇದಾರರ ಮನಿ' ನಾಯಕರ ಮನೆಯಾದರೆ ಒಂದಿಷ್ಟೂ ಸಣ್ಣದಾಗುವುದಿಲ್ಲ.

ಮೊದಲ ಬೆಟಾಲಿಯನ್ನಿನ ಒಂದು ಸಂಗತಿ ನಿಮಗೆ ಹೇಳದಿದ್ದರೆ ನನಗೆ ಸಮಾಧಾನವಿಲ್ಲ. 1944ರ ಬೇಸಿಗೆಯಲ್ಲಿ ಫ್ಲಾರೆನ್ಸ್ ಪಟ್ಟಣದ ಚಿತ್ರಗಳನ್ನು ಬಾಂಬಿಗೆ ಹೆದರಿ ಹಳ್ಳಿ ಕಡೆಯ ಮೊಂಟೆಗುಫೋನಿ ಕೋಟೆಯಲ್ಲಿ ಇಟ್ಟಿದ್ದರು. ಬೊಟಿಚೆಲ್ಲಿ ಬರೆದ 'ಪ್ರೀಮವೆರಾ' ಕೂಡ ಅಲ್ಲಿತ್ತು. ಯುದ್ಧ ಆ ಕೋಟೆಯ ಬಾಗಿಲಿಗೆ ಬಂದಾಗ ಆ ಚಿತ್ರಗಳಿಗೆ ಕಾವಲು ನಿಂತವರು ಮರಾಠಾ ಜವಾನರು. ಆದರೆ ದಯವಿಟ್ಟು ಮಕ್ಕಳಿಗೆ 'ಮುತ್ತ್ಯಾ ಕಾವಲಿದ್ದರು' ಎಂದು ಹೇಳಬೇಡಿ. ಆ ಡಿವಿಜನ್ನಿನಲ್ಲಿ ಮರಾಠಾದವರು ಒಂದಕ್ಕಿಂತ ಹೆಚ್ಚು ಬೆಟಾಲಿಯನ್‌ಗಳಲ್ಲಿ ಇದ್ದರು. ಬಿಲ್ಲೆ ಹೇಳುವುದು ಪಲ್ಟಣದ ಮಾತು. ಒಬ್ಬ ಮನುಷ್ಯನ ಮಾತು ಹೇಳಲು ನಂಬರು ಬೇಕು.

ಆ ನಂಬರು ಗುಂಡನೆಯ ಪದಕದಲ್ಲಿ ಇರಬಹುದು. ಸಿಂಹ ನಿಂತಿರುವ ಆ ಪದಕ ಯುದ್ಧಕಾಲದಲ್ಲಿ 28 ದಿನ ಸೇವೆ ಮಾಡಿದವರಿಗೆಲ್ಲ ಸಿಕ್ಕಿದ್ದು, ಎಲ್ಲಿ ಹೋಗಿದ್ದರು ಅನ್ನುವುದನ್ನು ಅದು ಹೇಳಲ್ಲ. ಆದರೆ ಭಾರತದ ಎಷ್ಟೋ ಜವಾನರ ಪದಕದ ಅಂಚಿನ ಮೇಲೆ ನಂಬರು, ಹುದ್ದೆ, ಹೆಸರು, ಪಲ್ಟಣ ಒತ್ತಿರುತ್ತಿದ್ದರು. ನೀವು ಮುಂಭಾಗ, ಹಿಂಭಾಗದ ಫೋಟೋ ಕಳಿಸಿದ್ದೀರಿ, ಅಂಚಿನದು ಕಳಿಸಿಲ್ಲ. ಕತ್ತಲ ಕೋಣೆಯಲ್ಲಿ ಟಾರ್ಚನ್ನು ಪಕ್ಕದಿಂದ ಹಿಡಿದು ಅಂಚನ್ನು ನಿಧಾನಕ್ಕೆ ತಿರುಗಿಸಿ. ಸವೆದಿದ್ದರೆ ತೆಳು ಕಾಗದ ಸುತ್ತಿ ಮೇಲೆ ಪೆನ್ಸಿಲಿನಿಂದ ಮೆತ್ತಗೆ ಉಜ್ಜಿ. ನಕ್ಷತ್ರಗಳ ಬೆನ್ನನ್ನೂ ನೋಡಿ. ಹುಣಸೆಹಣ್ಣು, ಬೂದಿ, ಪಾಲಿಶ್ ಇನ್ನು ಮುಂದೆ ಬೇಡವೇ ಬೇಡ.

ಇಷ್ಟು ಒತ್ತಿ ಹೇಳುವುದಕ್ಕೆ ಕಾರಣವಿದೆ. ನಮ್ಮ ಮನೆಯ ದೊಡ್ಡ ಮುತ್ತ್ಯಾ ಒಬ್ಬರು ಮೊದಲನೇ ಮಹಾಯುದ್ಧಕ್ಕೆ ಬಸ್ರಾ ಕಡೆ ಹೋದವರು ತಿರುಗಿ ಬರಲಿಲ್ಲ. ಪದಕ ಬಂತು. ಎಷ್ಟೋ ವರ್ಷಕ್ಕೆ ಅದನ್ನು ಹಳೇ ಹಿತ್ತಾಳೆಯ ಜೊತೆ ತೂಕಕ್ಕೆ ಹಾಕಿ ತಂಬಿಗೆ ತಂದರು. ಬಸ್ರಾದ ಸ್ಮಾರಕದ ಕಲ್ಲಿನ ಮೇಲೆ ಅಧಿಕಾರಿಗಳ ಹೆಸರುಗಳಿವೆ. ಭಾರತದ ಸಾಮಾನ್ಯ ಸಿಪಾಯಿಗಳದು ಬರೀ ಲೆಕ್ಕ, ಪಲ್ಟಣಕ್ಕೆ ಇಷ್ಟು ಮಂದಿ ಅಂತ. ನಮ್ಮ ದೊಡ್ಡ ಮುತ್ತ್ಯಾನ ಹೆಸರು ಲೋಹದ ಮೇಲೆ ಇದ್ದದ್ದು ಆ ಪದಕದ ಅಂಚಿನಲ್ಲಿ ಮಾತ್ರ. ತಂಬಿಗೆ ಈಗಲೂ ನಮ್ಮ ದೇವರ ಕೋಣೆಯಲ್ಲಿದೆ.

ನಂಬರು ಸಿಕ್ಕರೆ ಬೆಳಗಾವಿಯಲ್ಲೇ ಇರುವ ಮರಾಠಾ ಲೈಟ್ ಇನ್‌ಫಂಟ್ರಿಯ ರೆಕಾರ್ಡ್ಸ್ ಕಚೇರಿಗೆ ಅರ್ಜಿ ಬರೆಯಿರಿ. ಮುತ್ತ್ಯಾನ ಹೆಸರು, ಅವರ ತಂದೆಯ ಹೆಸರು, ಅಡ್ಡಹೆಸರು ಹಾಕಿ. ಊರಿನ ವಿಳಾಸದಲ್ಲಿ 'ಬಾಗಲಕೋಟೆ ಜಿಲ್ಲೆ' ಅಂತ ಮಾತ್ರ ಬರೆದು ಬಿಡಬೇಡಿ. ಆ ಜಿಲ್ಲೆ ಆಗಿದ್ದೇ 1997ರಲ್ಲಿ. ಮುತ್ತ್ಯಾ ಭರ್ತಿಯಾದಾಗ ಜಮಖಂಡಿ ಪಟವರ್ಧನ ಅರಸರ ಸಂಸ್ಥಾನ. 'ಜಮಖಂಡಿ ಸಂಸ್ಥಾನ' ಎಂದೂ ಸೇರಿಸಿ, ಊರಿನ ಹೆಸರನ್ನು ಇಂಗ್ಲಿಷಿನಲ್ಲಿ ಎರಡು ಮೂರು ತರ ಬರೆದು ಕೊಡಿ. ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಯಲ್ಲೂ ಒಮ್ಮೆ ವಿಚಾರಿಸಿ. ಅಜ್ಜಿಗೆ ಪೆನ್ಷನ್ ಬರುತ್ತಿತ್ತು ಅಂತ ಬರೆದಿದ್ದೀರಲ್ವಾ, ಹಳೇ ಬ್ಯಾಂಕ್ ಪಾಸ್‌ಬುಕ್ ಹುಡುಕಿ, ಅದರಲ್ಲಿ ಪೆನ್ಷನ್ ನಂಬರು ಇರಬಹುದು.

ಅರ್ಜಿ ಬರೆಯುವುದಕ್ಕೂ ಮೊದಲು ಅತ್ತೆಯವರ ಹತ್ತಿರ ಕೂಡಿ. ಅವರಿಗೆ ಎಂಬತ್ತು ದಾಟಿದೆ ಅಂದಿದ್ದೀರಿ. 'ಮುತ್ತ್ಯಾ ಎಲ್ಲಿ ಯುದ್ಧ ಮಾಡಿದ' ಅಂತ ಕೇಳಬೇಡಿ, ಬರ್ಮಾ ಅಂತಲೇ ಹೇಳುತ್ತಾರೆ. ಸುಮ್ನೆ ಆ ಹಳದಿ ಎಲೆಯನ್ನು ಅವರ ಕೈಗೆ ಕೊಟ್ಟು, ಹಡಗು ಹತ್ತಿದ್ದು ಎಲ್ಲಿ, ಅಲ್ಲಿ ಏನು ತಿಂದರು, ಬೂಟಿನ ಲಾಡಿ ಕೊನೆಗೆ ಬಿಚ್ಚಿಕೊಟ್ಟವರು ಯಾರು ಅಂತ ಕೇಳಿ. ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ಬರೆದುಕೊಂಡು ನನಗೂ ಕಳಿಸಿ.

ಇಂತಿ,
ಸಂಪಾದಕ