ಆ ರಾತ್ರಿ ಕಚೇರಿಯಲ್ಲಿ ಎಷ್ಟು ಜನರಿದ್ದರು?

ಪುಣೆಯ ಹಿಂಜವಡಿಯಿಂದ ಬಂದ ಈ ಪತ್ರವನ್ನು ನಾಲ್ಕು ಸಲ ಓದಿದೆ. ಬರೆದವರು ಧಾರವಾಡದ ಹೆಣ್ಣುಮಗಳು. ವಯಸ್ಸು 32, ಮನೆ ವಾಕಡ್‌ನಲ್ಲಿ, ಒಂಬತ್ತು ವರ್ಷಗಳಿಂದ ಒಂದೇ ಕಂಪನಿಯಲ್ಲಿ ಸಾಫ್ಟ್‌ವೇರ್ ಎಂಜಿನಿಯರ್. ದೊಡ್ಡ ತಂತ್ರಜ್ಞಾನ ಕಂಪನಿಯೊಂದರ ಸಂದರ್ಶನದಲ್ಲಿ ಎರಡನೆಯ ಸಲವೂ ಕೊನೆಯ ಸುತ್ತಿನವರೆಗೆ ಹೋಗಿ ಬರಿಗೈಯಲ್ಲಿ ಮರಳಿದ್ದಾರೆ. ಮಗು ಮಲಗಿದ ಮೇಲೆ ರಾತ್ರಿ ಒಂದರವರೆಗೆ ಅಡುಗೆಮನೆಯಲ್ಲಿ ಕುಳಿತು 400 ಅಲ್ಗಾರಿದಂ ಸಮಸ್ಯೆಗಳನ್ನು, ಅಂದರೆ ಇಂಥ ಸಂದರ್ಶನಗಳಲ್ಲಿ ಕೇಳುವ ಪ್ರೋಗ್ರಾಮಿಂಗ್ ಲೆಕ್ಕಗಳನ್ನು, ಬಿಡಿಸಿದ್ದಾರೆ. ಬೆಂಗಳೂರಿನಲ್ಲಿ ಅಂಥದೇ ಕಂಪನಿಯಲ್ಲಿರುವ ಭಾವ, ‘ನಿನ್ನ ತಯಾರಿ ಇನ್ನೂ ಕಚ್ಚಾ, ಮತ್ತೆ ಆರು ತಿಂಗಳು ಕೂರು’ ಎನ್ನುತ್ತಾರಂತೆ. ಕೂರಬೇಕೋ, ಆಸೆಯನ್ನೇ ಬಿಡಬೇಕೋ ಎಂದು ಕೇಳಿದ್ದಾರೆ.

ತಂಗಿ, ನೀವು ಆವರಣ ಚಿಹ್ನೆಯೊಳಗೆ ಬಚ್ಚಿಟ್ಟ ಮೂರು ಪದಗಳ ಬಗ್ಗೆಯೇ ನಾನು ಮಾತನಾಡುತ್ತೇನೆ. ‘ವಿಸರ್ಜನೆಯ ರಾತ್ರಿ ಪಾವತಿ ವ್ಯವಸ್ಥೆ ಕೆಟ್ಟಿತ್ತು, ನಾವು ಸರಿಪಡಿಸಿದೆವು (ತಂಡದವರೆಲ್ಲ ಅಂದು ರಜೆಯಲ್ಲಿದ್ದರು)’ ಎಂದು ಬರೆದಿದ್ದೀರಿ. ಎಲ್ಲರೂ ರಜೆಯಲ್ಲಿದ್ದರೆ ಈ ‘ನಾವು’ ಯಾರು?

ಅನಂತ ಚತುರ್ದಶಿಯ ಪುಣೆ ನನಗೆ ಗೊತ್ತು. ಕಸಬಾ ಗಣಪತಿಯನ್ನು ಮುಂದಿಟ್ಟುಕೊಂಡು ಹೊರಟ ಮೆರವಣಿಗೆಗಳು ಲಕ್ಷ್ಮೀ ರಸ್ತೆಯನ್ನು ದಾಟಿ ಮುಗಿಯುವಷ್ಟರಲ್ಲಿ ಮರುದಿನವಾಗಿರುತ್ತದೆ. ಅರ್ಧ ಊರು ಬೀದಿಯಲ್ಲಿದ್ದಾಗ ನೀವೊಬ್ಬರೇ ಪರದೆಯ ಮುಂದೆ ಕುಳಿತಿದ್ದಿರಿ. ಬ್ಯಾಂಕಿನಿಂದ ಉತ್ತರ ತಡವಾದಾಗಲೆಲ್ಲ ಅದೇ ವಿನಂತಿ ಮತ್ತೆ ಹೋಗಿ, ಗ್ರಾಹಕರ ಖಾತೆಯಿಂದ ಎರಡೆರಡು ಸಲ ಹಣ ಕಡಿತವಾಗುತ್ತಿದೆ ಎಂದು ಕಂಡುಹಿಡಿದವರು ನೀವು. ಮರುಪ್ರಯತ್ನವನ್ನು ನಿಲ್ಲಿಸಿದವರು ನೀವು. ಪ್ರತಿ ವಿನಂತಿಗೂ ಒಂದು ಗುರುತುಸಂಖ್ಯೆ ಅಂಟಿಸಿ, ಅದೇ ಸಂಖ್ಯೆ ಮರಳಿ ಬಂದರೆ ಹಣ ಮುಟ್ಟದಂತೆ ಮಾಡಿದವರೂ ನೀವೇ. ಇದಿಷ್ಟನ್ನೂ ನನಗೆ ವಿವರವಾಗಿ ಬರೆದಿದ್ದೀರಿ. ಸಂದರ್ಶನದಲ್ಲಿ ಮಾತ್ರ ಎಲ್ಲವನ್ನೂ ತಂಡದ ಮಡಿಲಿಗೆ ಹಾಕಿ ಬಂದಿರಿ. ಕೋಡಿಂಗ್ ಸುತ್ತುಗಳು ಚೆನ್ನಾಗಿದ್ದವು, ಆದರೆ ನಿಮ್ಮ ಪಾತ್ರ ಸ್ಪಷ್ಟವಾಗಲಿಲ್ಲ ಎಂದು ನೇಮಕಾತಿಯವರು ಫೋನಿನಲ್ಲಿ ತಿಳಿಸಿದ್ದನ್ನು ಒಂದೇ ಸಾಲಿನಲ್ಲಿ ಮುಗಿಸಿದ್ದೀರಿ. ನಿಮ್ಮ ಪ್ರಶ್ನೆಗೆ ಉತ್ತರ ಆ ಸಾಲಿನಲ್ಲೇ ಇತ್ತು.

ಇಂಥ ಕಂಪನಿಗಳಲ್ಲಿ ತೀರ್ಮಾನ ಹೇಗಾಗುತ್ತದೆ ಎಂಬುದನ್ನು ನೆನಪಿಡಿ. ಗೂಗಲ್‌ನಲ್ಲಿ ಸಂದರ್ಶಕರು ಬರೆದ ಟಿಪ್ಪಣಿಗಳನ್ನು ನೇಮಕಾತಿ ಸಮಿತಿಯೊಂದು ಓದುವ ಪದ್ಧತಿ ಬೆಳೆದುಬಂದಿದೆ. ಸಮಿತಿಯವರು ಅಭ್ಯರ್ಥಿಯ ಮುಖವನ್ನೇ ನೋಡಿರುವುದಿಲ್ಲ. ಅಮೆಜಾನ್‌ನಲ್ಲಿ ಅವರ 16 ನಾಯಕತ್ವ ತತ್ವಗಳನ್ನು ಹಿಡಿದು, ನೀವು ಏನು ಮಾಡಿದಿರಿ ಎಂದು ಕೆದಕಿ ಕೇಳುತ್ತಾರೆ. ಎದುರಿಗಿದ್ದವರಿಗೆ ನಿಮ್ಮ ಕಣ್ಣಿನ ಹೊಳಪು ಕಂಡಿರಬಹುದು, ಟಿಪ್ಪಣಿಯಲ್ಲಿ ಅದು ಇಳಿಯುವುದಿಲ್ಲ. ‘ನಾವು’ ಎಂದದ್ದು ‘ನಾವು’ ಎಂದೇ ಇಳಿಯುತ್ತದೆ.

ನಿಮ್ಮ ಭಾವನ ಮೇಲೆ ನನಗೆ ನಿಜವಾಗಿಯೂ ಸಿಟ್ಟು ಬಂದಿದೆ. ಸಾಧನೆ ಪಟ್ಟಿಯಲ್ಲಿ ಆ ರಾತ್ರಿಯ ಕೆಲಸವನ್ನು ತನ್ನ ಹೆಸರಿಗೆ ಬರೆದುಕೊಂಡ ನಿಮ್ಮ ಮ್ಯಾನೇಜರ್‌ಗಿಂತ ಹೆಚ್ಚು ಸಿಟ್ಟು ಈ ಮನುಷ್ಯನ ಮೇಲೆ. ಮ್ಯಾನೇಜರ್ ಹೊರಗಿನವನು. ಭಾವ ಆ ದಾರಿಯಲ್ಲೇ ನಡೆದು ಹೋದವರು, ಸಂದರ್ಶನದ ಒಳಹೊರಗು ಬಲ್ಲವರು. ‘ಏನು ಕೇಳಿದರು, ನೀನು ಏನು ಹೇಳಿದೆ’ ಎಂದು ಒಂದು ಸಲ ವಿಚಾರಿಸಿದ್ದರೂ ಸಾಕಿತ್ತು. ವಿಚಾರಿಸದೆಯೇ ಕೊರತೆ ಇರುವುದು ನಿಮ್ಮ ತಲೆಯಲ್ಲಿ ಎಂದು ತೀರ್ಪು ಕೊಟ್ಟರು, ನೀವು ಅದನ್ನು ನಂಬಿ ನಿದ್ದೆಗೆಟ್ಟಿರಿ. ಪಕ್ಕದಲ್ಲೇ ಇದ್ದ ನಿಮ್ಮ ಗಂಡ ಸುಮ್ಮನಿದ್ದದ್ದೂ ನನಗೆ ಹಿಡಿಸಲಿಲ್ಲ.

ಈ ಅಂಕಣದಲ್ಲಿ ಹಿಂದೆಯೂ ಹೇಳಿದ್ದೇನೆ: ಹಬ್ಬದ ದಿನ ಕೆಲಸಕ್ಕೆ ಉಳಿಯುವವರು ಯಾರು ಎಂದು ನೋಡಿದರೆ ಆ ಜಾಗದ ಭಾರವನ್ನು ಯಾರು ಹೊತ್ತಿದ್ದಾರೆ ಎಂಬುದು ತಿಳಿಯುತ್ತದೆ. ‘ನಾನು ನಾನು ಎನ್ನಬಾರದು’ ಎಂದು ನಮ್ಮ ಕಡೆ ಹೆಣ್ಣುಮಕ್ಕಳನ್ನು ಬೆಳೆಸುತ್ತಾರೆ. ನನ್ನನ್ನೂ ಹಾಗೆಯೇ ಬೆಳೆಸಿದರು. ಕನ್ನಡದಲ್ಲಿ ‘ನಾನು’ ಎನ್ನದೆಯೂ ‘ಮಾಡಿದೆ’ ಎಂದರೆ ಸಾಕು, ಮಾಡಿದವರು ಯಾರೆಂದು ಕ್ರಿಯಾಪದವೇ ಹೇಳುತ್ತದೆ. ಇಂಗ್ಲಿಷಿನಲ್ಲಿ ಆ ಆಸರೆ ಇಲ್ಲ, ಕರ್ತೃಪದವನ್ನು ಬಾಯಿಬಿಟ್ಟು ಹೇಳಲೇಬೇಕು. ಅಲ್ಲಿ ಸಂಕೋಚಕ್ಕೆ ‘ವಿ’, ಅಂದರೆ ‘ನಾವು’, ಬಂದು ಕೂರುತ್ತದೆ.

ಆದ್ದರಿಂದ ಒಂದೇ ಕೆಲಸ ಹೇಳುತ್ತೇನೆ. 401ನೆಯ ಸಮಸ್ಯೆಯನ್ನು ಸದ್ಯಕ್ಕೆ ಮುಟ್ಟಬೇಡಿ. ಈ ಭಾನುವಾರ ಮಗುವನ್ನು ಗಂಡನ ಕೈಗೆ ಕೊಟ್ಟು, ಬಾಗಿಲು ಹಾಕಿಕೊಂಡು, ಆ ರಾತ್ರಿಯ ಕಥೆಯನ್ನು ಒಂದು ಪುಟದಷ್ಟು ಕನ್ನಡದಲ್ಲಿ ಕೈಯಾರೆ ಬರೆಯಿರಿ. ಪ್ರತಿ ವಾಕ್ಯವೂ ನೋಡಿದೆ, ನಿಲ್ಲಿಸಿದೆ, ಬದಲಿಸಿದೆ ಎಂದೇ ಮುಗಿಯಲಿ. ಅದನ್ನು ಗಟ್ಟಿಯಾಗಿ ಓದಿ, ಆಮೇಲೆ ಇಂಗ್ಲಿಷಿನಲ್ಲಿ ಹೇಳಿ. ಅದು ಬಾಯಿಗೆ ಸಲೀಸಾದ ದಿನ ಮತ್ತೆ ಅರ್ಜಿ ಹಾಕಿ. ಭಾವನಿಗೆ ತೋರಿಸಬೇಡಿ, ನನಗೆ ಕಳುಹಿಸಿ. ಒಂದೇ ಒಂದು ‘ಮಾಡಿದೆವು’ ಉಳಿದಿದ್ದರೂ ಕೆಂಪು ಗೆರೆ ಎಳೆದು ಹಿಂತಿರುಗಿಸುತ್ತೇನೆ.