ಪವರ್ ಸೇವರ್ ಸದಾ ಆನ್ ಇಟ್ಟರೆ ಬ್ಯಾಟರಿ ಜಾಸ್ತಿ ಹೊತ್ತು ಬರುತ್ತಾ?

ನಿಮ್ಮದು ಉಬುಂಟು (ಲಿನಕ್ಸ್ ಬಗೆಯ ಆಪರೇಟಿಂಗ್ ಸಿಸ್ಟಂ) ಹಾಕಿದ, ಇಂಟೆಲ್ ಐ5-8250ಯು ಪ್ರೊಸೆಸರ್ ಇರುವ ಲ್ಯಾಪ್‌ಟಾಪ್. ಪವರ್ ಸೇವರ್, ಬ್ಯಾಲೆನ್ಸ್ಡ್, ಪರ್ಫಾರ್ಮೆನ್ಸ್ ಎಂಬ ಮೂರು ಪವರ್ ಪ್ರೊಫೈಲ್‌ಗಳಲ್ಲಿ ಯಾವುದು ಇಡಲಿ, ಸದಾ ಪವರ್ ಸೇವರ್ ಇಟ್ಟರೆ ಲಾಭವಾ ಅಂತ ಕೇಳಿದ್ದೀರಿ. ಬ್ಯಾಲೆನ್ಸ್ಡ್ ಇಡಿ. ಚಾರ್ಜರ್ ಸಿಗದ ದಿನ ಮಾತ್ರ ಪವರ್ ಸೇವರ್‌ಗೆ ಹೋಗಿ.

ಈ ಪ್ರೊಫೈಲ್‌ಗಳು ಪ್ರೊಸೆಸರನ್ನು ಒಂದೇ ವೇಗಕ್ಕೆ ಕಟ್ಟಿಹಾಕುವುದಿಲ್ಲ. ನಿಮ್ಮ ಪ್ರೊಸೆಸರ್‌ನ ಮೂಲ ವೇಗ 1.6 ಗಿಗಾಹರ್ಟ್ಸ್, ಟರ್ಬೊದಲ್ಲಿ, ಅಂದರೆ ಭಾರದ ಕೆಲಸ ಬಂದಾಗ ಸ್ವಲ್ಪ ಹೊತ್ತು ವೇಗ ಹೆಚ್ಚಿಸಿಕೊಂಡಾಗ, 3.4ರವರೆಗೂ ಏರುತ್ತದೆ. ಯಾವಾಗ ಏರಬೇಕು ಅಂತ ಅದೇ ತೀರ್ಮಾನಿಸುತ್ತದೆ. ಪ್ರೊಫೈಲ್ ಅದಕ್ಕೆ ಮುಖ್ಯವಾಗಿ ಕೊಡುವುದು 0ಯಿಂದ 255ರೊಳಗಿನ ಒಂದು ಸಂಖ್ಯೆ. 0 ಅಂದರೆ ವೇಗವೇ ಮುಖ್ಯ, 255 ಅಂದರೆ ಉಳಿತಾಯವೇ ಮುಖ್ಯ.

ವೇಗ ಏರಿದಾಗ ಬ್ಯಾಟರಿ ಯಾಕೆ ಅಷ್ಟು ಬೇಗ ಇಳಿಯುತ್ತೆ? ಹೆಚ್ಚು ವೇಗಕ್ಕೆ ಹೆಚ್ಚು ವೋಲ್ಟೇಜ್ ಬೇಕು. ಖರ್ಚಾಗುವ ವಿದ್ಯುತ್ ವೇಗದಷ್ಟೇ ಪಟ್ಟು ಏರುತ್ತದೆ, ಜೊತೆಗೆ ವೋಲ್ಟೇಜಿನ ವರ್ಗದ (ವೋಲ್ಟೇಜನ್ನು ಅದರಿಂದಲೇ ಗುಣಿಸಿದ) ಲೆಕ್ಕದಲ್ಲೂ ಏರುತ್ತದೆ. ವೇಗ ಒಂದೂವರೆ ಪಟ್ಟಾಗಿ, ಅದಕ್ಕಾಗಿ ವೋಲ್ಟೇಜ್ ಶೇಕಡಾ 20 ಏರಿತು ಅಂದುಕೊಳ್ಳಿ. ಖರ್ಚು ಎರಡು ಪಟ್ಟು ದಾಟುತ್ತದೆ. ವಿಡಿಯೊ ಎಡಿಟಿಂಗ್‌ನಂಥ ಭಾರದ ಕೆಲಸವನ್ನು ಬ್ಯಾಟರಿಯಲ್ಲೇ ಮಾಡುವಾಗ ಪವರ್ ಸೇವರ್ ನಿಜಕ್ಕೂ ಉಪಯೋಗಕ್ಕೆ ಬರುವುದು ಇದರಿಂದಲೇ. ಆದರೆ ಕೆಲಸ ತೀರಾ ನಿಧಾನವಾದರೆ ಸ್ಕ್ರೀನ್ ಅಷ್ಟು ಹೊತ್ತು ಉರಿಯಬೇಕಲ್ವಾ? ಅದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಬರೀ ಓದುವುದು, ಟೈಪ್ ಮಾಡುವುದು ಆದರೆ ಪ್ರೊಸೆಸರ್ ಬಹುಪಾಲು ಸುಮ್ನೆ ಇರುತ್ತದೆ. ಆಗ ಪ್ರೊಫೈಲ್ ಬದಲಿಸಿದರೂ ದೊಡ್ಡ ವ್ಯತ್ಯಾಸ ಕಾಣುವುದಿಲ್ಲ. ಸ್ಕ್ರೀನ್ ಬೆಳಕು ಇಳಿಸಿ, ಬ್ರೌಸರ್‌ನಲ್ಲಿ ತಾನಾಗಿ ಓಡುವ ವಿಡಿಯೊ ಟ್ಯಾಬ್‌ಗಳನ್ನು ಮುಚ್ಚಿ. ಚಾರ್ಜರ್ ತೆಗೆದು ಪವರ್‌ಟಾಪ್ (ವಿದ್ಯುತ್ ಖರ್ಚು ತೋರಿಸುವ ಪ್ರೋಗ್ರಾಂ) ಓಡಿಸಿದರೆ ಎಷ್ಟು ವ್ಯಾಟ್ ಹೋಗುತ್ತಿದೆ, ಪ್ರೊಸೆಸರನ್ನು ಪದೇಪದೇ ಎಬ್ಬಿಸುತ್ತಿರುವ ಪ್ರೋಗ್ರಾಂ ಯಾವುದು ಅಂತ ನಿಮಗೇ ಕಾಣುತ್ತದೆ. ಊಹೆ ಮಾಡುತ್ತಾ ಕೂರುವುದಕ್ಕಿಂತ ಇದು ಎಷ್ಟೋ ಮೇಲು.

ಯಾರಾದರೂ ಹೇಳಿದರು ಅಂತ ಟಿಎಲ್‌ಪಿ ಎಂಬ ಬ್ಯಾಟರಿ ಉಳಿಸುವ ಪ್ರೋಗ್ರಾಮನ್ನೂ ಹಾಕಿಕೊಂಡಿದ್ದೀರಾ? ಹಾಗಿದ್ದರೆ ಅದು ಅಥವಾ ಉಬುಂಟುವಿನ ಪವರ್ ಪ್ರೊಫೈಲ್ ವ್ಯವಸ್ಥೆ, ಒಂದನ್ನು ಮಾತ್ರ ಉಳಿಸಿಕೊಳ್ಳಿ. ಎರಡೂ ಅದೇ ಸೆಟ್ಟಿಂಗ್‌ಗಳನ್ನು ತಿದ್ದುವುದರಿಂದ ಯಾವುದು ಜಾರಿಯಲ್ಲಿದೆ ಅಂತಲೇ ತಿಳಿಯುವುದಿಲ್ಲ.

ಇನ್ನೊಂದು ವಿಷಯ. ಈ ಪ್ರೊಸೆಸರ್ ಬಂದದ್ದು 2017ರಲ್ಲಿ. ನಿಮ್ಮ ಬ್ಯಾಟರಿಗೂ ವಯಸ್ಸಾಗಿರಬಹುದು. ಉಬುಂಟುವಿನ ಪವರ್ ಸ್ಟ್ಯಾಟಿಸ್ಟಿಕ್ಸ್ ಆಪ್ ತೆರೆದು, ಈಗ ಪೂರ್ತಿ ತುಂಬಿದಾಗ ಎಷ್ಟು ವ್ಯಾಟ್-ಅವರ್ ಹಿಡಿಯುತ್ತದೆ, ಹೊಸದರಲ್ಲಿ ಎಷ್ಟಿತ್ತು ಅಂತ ನೋಡಿ. ಅರ್ಧಕ್ಕೆ ಇಳಿದಿದ್ದರೆ ಯಾವ ಪ್ರೊಫೈಲೂ ಅದನ್ನು ತುಂಬಿಕೊಡಲಾರದು, ಬ್ಯಾಟರಿಯನ್ನೇ ಬದಲಿಸಿ.